ಎಲ್ಲರೂ ಒಟ್ಟಿಗೆ ಕೂತು

ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ಮೂವರೂ ಧಾರಾವಾಹಿ ನೋಡುತ್ತಿದ್ದೆವು. ಮಗ ಮೊಬೈಲಿನಲ್ಲಿ, ಸೊಸೆ ಲ್ಯಾಪ್‌ಟಾಪಿನಲ್ಲಿ. ಹಜಾರದ ಟಿವಿ ಮುಂದೆ ನಾನೊಬ್ಬಳೇ.

ನನಗೆ 1987 ನೆನಪಾಯಿತು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’. ನಮ್ಮ ಬೀದಿಗೆ ಇದ್ದದ್ದು ಎರಡೇ ಟಿವಿ. ಹೊಸ್ತಿಲಾಚೆ ಚಪ್ಪಲಿಗಳ ರಾಶಿ. ಒಳಗೆ ಚಾಪೆಯ ಮೇಲೆ ಇಡೀ ಬೀದಿ. ಚಿತ್ರ ಮಸುಕಾದರೆ ಯಾರಾದರೂ ಹುಡುಗ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ. “ಬಂತಾ?” “ಇನ್ನೂ ಸ್ವಲ್ಪ ಎಡಕ್ಕೆ!” ಒಂದು ಕಂತು ತಪ್ಪಿದರೆ ತಪ್ಪಿತು. ಮರುದಿನ ನಲ್ಲಿಯ ಹತ್ತಿರ ಪಕ್ಕದ ಮನೆಯವರು ಕಥೆ ಹೇಳುತ್ತಿದ್ದರು. ಅವರು ಹೇಳಿದ್ದೇ ಒಮ್ಮೊಮ್ಮೆ ಹೆಚ್ಚು ಚೆನ್ನಾಗಿರುತ್ತಿತ್ತು.

ಈಗ ಬೇಕೆಂದಾಗ, ಬೇಕಾದದ್ದು ಸಿಗುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಪರದೇಶದ ಕನ್ನಡಿಗರಿಗೆ ಇದು ದೊಡ್ಡ ಉಪಕಾರ. ಆದರೆ ಪಕ್ಕದಲ್ಲಿ ಕೂತು ನಗುವವರು ಅದರೊಂದಿಗೆ ಬರುವುದಿಲ್ಲ.

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಈಗ ಆನ್‌ಲೈನಿನಲ್ಲೂ ಸಿಗುತ್ತದೆ. ಇವತ್ತು ಸಂಜೆ ಅದರ ಒಂದು ಕಂತನ್ನು ದೊಡ್ಡ ಪರದೆಗೆ ಹಾಕಿ. ಅರ್ಧ ಗಂಟೆಯೂ ಹಿಡಿಯದು. ಅಜ್ಜಿಯನ್ನು ಕರೆಯಿರಿ, ಮಕ್ಕಳನ್ನು ಕರೆಯಿರಿ. ಪಕ್ಕದ ಮನೆಯವರನ್ನೂ ಕರೆಯಿರಿ.