ಮಗ ನಮ್ಮವನು, ಅಪ್ಪ ಬಣ್ಣ ಹಚ್ಚಿದವನು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಿ.ಇ. ಓದಿದವನು ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದುಕೊಂಡಿದ್ದರೆ ಕ್ಷಮಿಸಿ. ಇವತ್ತು ನಾನು ಹಳೆಯ ಇಂಗ್ಲಿಷ್ ಸಿನಿಮಾಗಳ ಬಗ್ಗೆ ಮಾತನಾಡುತ್ತೇನೆ. ಏಕೆಂದರೆ ಅವುಗಳಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಹುಡುಗನೊಬ್ಬನಿದ್ದಾನೆ.

ಅವನ ಹೆಸರು ಸಾಬು ದಸ್ತಗೀರ್. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದವನು. ತಂದೆ ಮಾವುತ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಮೈಸೂರು ಮಹಾರಾಜರ ಆನೆಲಾಯದಲ್ಲಿ ಬೆಳೆದ. ಕಿಪ್ಲಿಂಗ್ ಬರೆದ ಕಥೆಯೊಂದನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿಯವರ ತಂಡ ಮೈಸೂರಿಗೆ ಬಂದಾಗ ಅವರ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಿತು. ಆನೆಲಾಯದ ಹುಡುಗ ಲೋಕಪ್ರಸಿದ್ಧನಾದ.

ಹೆಮ್ಮೆಯ ಸಂಗತಿ, ನಿಜ. ಆದರೆ ಆ ಸಿನಿಮಾದಲ್ಲಿ ಮಾವುತನ ಮಗ ಸಾಬು. ಮಾವುತನ ಪಾತ್ರದಲ್ಲಿರುವವರು ಹಾಲೋವೇ ಎಂಬ ಬಿಳಿಯ ನಟ. ಆನೆ ಸಿಕ್ಕಿತು, ಕಾಡು ಸಿಕ್ಕಿತು, ಹುಡುಗ ಸಿಕ್ಕಿದ. ಅಪ್ಪನಾಗಲು ಮಾತ್ರ ನಮ್ಮ ಕಡೆಯವನೊಬ್ಬ ಸಿಗಲಿಲ್ಲವಂತೆ!

ಇದು ಆ ಒಂದು ಸಿನಿಮಾದ ಕಥೆಯಲ್ಲ. ಅದೇ 1937ರ 'ದಿ ಗುಡ್ ಅರ್ಥ್' ಚೀನಾದ ರೈತರ ಕಥೆ. ಚೀನೀ ಮೂಲದ ಪ್ರಸಿದ್ಧ ನಟಿ ಅನಾ ಮೇ ವಾಂಗ್ ಹಾಲಿವುಡ್‌ನಲ್ಲೇ ಇದ್ದರು. ರೈತನ ಹೆಂಡತಿಯ ಪಾತ್ರ ಹೋದದ್ದು ಲೂಯಿಸ್ ರೈನರ್ ಅವರಿಗೆ, ಆಸ್ಕರ್ ಬಂದದ್ದೂ ಅವರಿಗೇ. 'ಗಾನ್ ವಿತ್ ದಿ ವಿಂಡ್' ಚಿತ್ರದ ಸೇವಕಿಯ ಪಾತ್ರಕ್ಕೆ 1940ರಲ್ಲಿ ಆಸ್ಕರ್ ಪಡೆದ ಹ್ಯಾಟಿ ಮೆಕ್‌ಡೇನಿಯಲ್ ಕಪ್ಪು ಜನಾಂಗದವರು. ಸಮಾರಂಭದಲ್ಲಿ ಅವರನ್ನು ಉಳಿದ ಕಲಾವಿದರಿಂದ ಬೇರೆಯಾಗಿ, ಗೋಡೆ ಪಕ್ಕದ ಮೇಜಿನಲ್ಲಿ ಕೂರಿಸಿದರು.

ಸಾಬು ಅವರು ಮುಂದೆ ಅಮೆರಿಕದ ಪೌರರಾದರು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕುಳಿತು ಬಂದೂಕು ಹಿಡಿದರು, ಶೌರ್ಯಪದಕ ಪಡೆದರು. ಮರಳಿ ಬಂದ ಮೇಲೆ? ಹೆಚ್ಚಾಗಿ ಅದೇ ಕಾಡು, ಅದೇ ಪ್ರಾಣಿಗಳು. 1963ರಲ್ಲಿ, 39ನೇ ವಯಸ್ಸಿಗೇ ತೀರಿಕೊಂಡರು. ಆಮೇಲೆ ಬಿಡುಗಡೆಯಾದ ಕೊನೆಯ ಚಿತ್ರದ ಹೆಸರಿನಲ್ಲೂ ಹುಲಿಯಿತ್ತು. ವೈದ್ಯನಾಗಿಯೋ ಮೇಷ್ಟ್ರಾಗಿಯೋ ಅವರನ್ನು ಊಹಿಸಿಕೊಳ್ಳಲು ಹಾಲಿವುಡ್‌ಗೆ ಆಗಲೇ ಇಲ್ಲ.

ಇದನ್ನೆಲ್ಲ ಓದಿ ಮೊದಲು ನನಗೆ ಹಾಲಿವುಡ್ ಮೇಲೆ ಸಿಟ್ಟು ಬಂತು. ಆಮೇಲೆ ಇದೇ ಶಾಲೆಯ ಅಂಗಳ ನೆನಪಾಯಿತು.

ಹತ್ತನೇ ತರಗತಿಯಲ್ಲಿ ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚಿದವನು ನಾನು. ರಾಜನ ಪಾತ್ರ ನನಗೇ ಇಟ್ಟುಕೊಂಡೆ. ಹಾಡಿಯಿಂದ ನಡೆದು ಬರುತ್ತಿದ್ದ ಗೆಳೆಯನೊಬ್ಬನಿದ್ದ. ರಾಜನ ಮಾತುಗಳೆಲ್ಲ ಅವನಿಗೆ ಬಾಯಿಪಾಠ. ತಾಲೀಮಿನಲ್ಲಿ ನಾನು ತಡವರಿಸಿದಾಗ ಹೇಳಿಕೊಡುತ್ತಿದ್ದವನೂ ಅವನೇ. ಅವನಿಗೆ ನಾನು ಕೊಟ್ಟದ್ದು ಬಿಲ್ಲು ಹಿಡಿದು ನಿಲ್ಲುವ ಬೇಡನ ಪಾತ್ರ. ಒಂದೂ ಮಾತಿಲ್ಲ. ಹಾಗೆ ಮಾಡು ಎಂದು ಯಾರೂ ನನಗೆ ಹೇಳಿರಲಿಲ್ಲ. 'ಅವನಿಗೆ ಅದೇ ಸರಿ' ಅನ್ನಿಸಿತ್ತು, ಅಷ್ಟೇ. ಹಾಲಿವುಡ್‌ನವರಿಗೂ ಹಾಗೇ ಅನ್ನಿಸಿರಬೇಕು.

ಆ ಗೆಳೆಯ ಇವತ್ತು ಇಲ್ಲಿಗೆ ಬಂದಿದ್ದಾನೆ. ಬೆಳಿಗ್ಗೆ ಅವನಿಗೆ ಈ ವಿಷಯ ಹೇಳಿದೆ. "ಮರೆತಿದ್ದೀಯ ಅಂದ್ಕೊಂಡಿದ್ದೆ ಕಣೋ," ಅಂದ. ಅವನು ಮರೆತಿರಲಿಲ್ಲ.

ಗುರುಗಳಲ್ಲಿ ಒಂದು ವಿನಂತಿ. ಈ ವರ್ಷದ ನಾಟಕಕ್ಕೆ ಪಾತ್ರ ಹಂಚುವ ಮುಂಚೆ ಎಲ್ಲ ಮಕ್ಕಳಿಂದಲೂ ಒಮ್ಮೆ ರಾಜನ ಮಾತು ಹೇಳಿಸಿ. ಯಾರ ಬಾಯಲ್ಲಿ ಚೆನ್ನಾಗಿ ಬರುತ್ತದೋ ಅವರಿಗೇ ಕಿರೀಟ ಕೊಡಿ. ಮಕ್ಕಳೇ, ನಿಮಗೆ ಬೇಕಾದ ಪಾತ್ರವನ್ನು ಬಾಯಿಬಿಟ್ಟು ಕೇಳಿ.

ಈ ಶಾಲೆ ನನಗೆ ಅಕ್ಷರ ಕೊಟ್ಟಿದೆ. ತಪ್ಪು ಒಪ್ಪಿಕೊಳ್ಳಲು ಇವತ್ತು ವೇದಿಕೆಯನ್ನೂ ಕೊಟ್ಟಿದೆ.