ದ್ವೀಪಯಾನದಿಂದ ಮಲೆನಾಡು ಕಲಿಯಬೇಕಾದ ಪಾಠ

(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಡಿಕೆ, ಕಾಳುಮೆಣಸು, ಸೊಪ್ಪಿನಬೆಟ್ಟಗಳ ಕುರಿತು ಮಾತನಾಡಬೇಕಾದ ಕೃಷಿ ವಿಜ್ಞಾನಿಯೊಬ್ಬ ಇಂದು ಗ್ರೀಸ್ ದೇಶದ ದ್ವೀಪಗಳ ವಿಷಯವನ್ನು ಎತ್ತಿಕೊಂಡಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ಅದಕ್ಕೆ ಕಾರಣವಿದೆ. ಕಳೆದ ದೀಪಾವಳಿಗೆ ವಿದೇಶವಾಸಿಯಾದ ನಮ್ಮ ಬಂಧುವೊಬ್ಬರು ಊರಿಗೆ ಬಂದಿದ್ದರು. ಗೆಳೆಯರೊಡಗೂಡಿ ಯಾಟ್ ಎಂಬ ವಿಹಾರ ನೌಕೆಯನ್ನು ಒಂದು ವಾರದ ಮಟ್ಟಿಗೆ ಬಾಡಿಗೆಗೆ ಪಡೆದು, ಏಜಿಯನ್ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಸಂಚರಿಸಿದ ಕಥೆಯನ್ನು ಅವರು ಜಗಲಿಯಲ್ಲಿ ಕುಳಿತು ವರ್ಣಿಸಿದರು. ಬಿಳಿ ಗೋಡೆಯ ಮನೆಗಳು, ನೀಲಿ ಗುಮ್ಮಟಗಳು, ಪಾರದರ್ಶಕವಾದ ಕಡಲು ಇವೆಲ್ಲವನ್ನೂ ಚಿತ್ರಗಳಲ್ಲಿ ಕಂಡೆವು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅವರು ಪ್ರಾಸಂಗಿಕವಾಗಿ ಹೇಳಿದ ಒಂದೇ ಮಾತು: ನೌಕೆಯಲ್ಲಿ ಸಿಹಿನೀರಿನ ಟಾಕಿ ಕೆಲವು ನೂರು ಲೀಟರುಗಳದ್ದು. ಎಂಟು ಜನರಿಗೆ ಅದರಲ್ಲಿಯೇ ಅಡುಗೆ, ಸ್ನಾನ, ಪಾತ್ರೆ ತೊಳೆಯುವಿಕೆ ಎಲ್ಲವೂ ಆಗಬೇಕು. ಟಾಕಿಯ ಮಾಪಕವನ್ನು ದಿನಕ್ಕೆ ಹತ್ತು ಬಾರಿ ನೋಡುತ್ತಿದ್ದರಂತೆ. ಬಂದರು ಸೇರಿ ಹೋಟೆಲಿನಲ್ಲಿ ತಂಗಿದ ರಾತ್ರಿ ಮಾತ್ರ ಅರ್ಧ ಗಂಟೆ ಸ್ನಾನ ಮಾಡಿದರಂತೆ.

ಅದೇ ಮನುಷ್ಯ, ಅದೇ ಸಮುದ್ರ. ನೌಕೆಯಲ್ಲಿ ಮಿತಿ ಕಣ್ಣಿಗೆ ಕಾಣುತ್ತಿತ್ತು, ಹೋಟೆಲಿನಲ್ಲಿ ಕಾಣಲಿಲ್ಲ. ಇಂದಿನ ನನ್ನ ಮಾತು ಈ ಒಂದು ವ್ಯತ್ಯಾಸವನ್ನು ಕುರಿತದ್ದು.

ಗ್ರೀಸ್ ದೇಶಕ್ಕೆ ಸೇರಿದ ಚಿಕ್ಕ ದೊಡ್ಡ ದ್ವೀಪಗಳು ಸುಮಾರು 6000 ಇವೆ. ಜನವಸತಿ ಇರುವವು 200ಕ್ಕಿಂತ ತುಸು ಹೆಚ್ಚು. ಇವುಗಳಲ್ಲಿ ಸ್ಯಾಂಟೊರಿನಿ ಬಹು ಪ್ರಸಿದ್ಧವಾದುದು. ಜ್ವಾಲಾಮುಖಿಯಿಂದ ರೂಪುಗೊಂಡ ಈ ದ್ವೀಪದಲ್ಲಿ ವಾರ್ಷಿಕ ಮಳೆ 400 ಮಿಲಿಮೀಟರಿಗಿಂತಲೂ ಕಡಿಮೆ. ನದಿಯಿಲ್ಲ. ಆದರೂ ಅಲ್ಲಿನ ರೈತರು ಶತಮಾನಗಳಿಂದ ದ್ರಾಕ್ಷಿ ಬೆಳೆದಿದ್ದಾರೆ. ಬಳ್ಳಿಯನ್ನು ಚಪ್ಪರಕ್ಕೆ ಏರಿಸದೆ ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತುತ್ತಾರೆ. ಗೊನೆಗಳು ಬುಟ್ಟಿಯ ಒಳಗೆ ಗಾಳಿ, ಬಿಸಿಲುಗಳಿಂದ ರಕ್ಷಣೆ ಪಡೆಯುತ್ತವೆ. ರಾತ್ರಿಯ ಇಬ್ಬನಿಯನ್ನೂ ಕಡಲ ಮಂಜನ್ನೂ ಸಚ್ಛಿದ್ರವಾದ ಬೂದಿ ಮಣ್ಣು ಹೀರಿಕೊಂಡು ಬೇರಿಗೆ ಉಣಿಸುತ್ತದೆ. ಮನೆಯ ಛಾವಣಿಯ ಮಳೆನೀರು ಅಂಗಳದ ಕೆಳಗಿನ ತೊಟ್ಟಿಗೆ ಇಳಿಯುತ್ತಿತ್ತು. ನೌಕೆಯ ಟಾಕಿಯಂತೆಯೇ ಆ ತೊಟ್ಟಿಯ ನೀರಿನ ಮಟ್ಟವೂ ಮನೆಯವರಿಗೆಲ್ಲ ತಿಳಿದಿತ್ತು.

ಪ್ರವಾಸೋದ್ಯಮ ಬೆಳೆದಂತೆ ಈ ಲೆಕ್ಕ ತಪ್ಪಿತು. ಸುಮಾರು 15 ಸಾವಿರ ನಿವಾಸಿಗಳಿರುವ ಈ ದ್ವೀಪಕ್ಕೆ 2023ರಲ್ಲಿ ದೊಡ್ಡ ಪ್ರವಾಸಿ ಹಡಗುಗಳಿಂದಲೇ ಸುಮಾರು 13 ಲಕ್ಷ ಜನ ಬಂದರು. ಕಡಲ ನೀರನ್ನು ಸಿಹಿಗೊಳಿಸುವ ಯಂತ್ರಗಳನ್ನು ಅವಲಂಬಿಸಬೇಕಾಯಿತು. ದ್ರಾಕ್ಷಿಯ ಭೂಮಿಯಲ್ಲಿ ಅತಿಥಿಗೃಹಗಳು ಎದ್ದವು. ಕೊನೆಗೆ 2025ರಲ್ಲಿ ಹಡಗಿನ ಪ್ರಯಾಣಿಕರಿಗೆ ದಿನಕ್ಕೆ 8000ದ ಮಿತಿಯನ್ನು ಹಾಕಲಾಯಿತು, ಅದೇ ವರ್ಷದ ಜುಲೈಯಿಂದ ತಲಾ 20 ಯೂರೋವರೆಗೆ ಶುಲ್ಕವೂ ಜಾರಿಗೆ ಬಂದಿತು. ಮಿತಿ ಬಂದಿತು, ಆದರೆ ತಡವಾಗಿ ಬಂದಿತು.

ಚಿಕ್ಕ ವಿಹಾರ ನೌಕೆಗಳೂ ಸಂಪೂರ್ಣ ನಿರಪಾಯಕಾರಿ ಅಲ್ಲ. ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಪೊಸಿಡೋನಿಯಾ ಎಂಬ ಹೂಬಿಡುವ ಕಡಲ ಹುಲ್ಲಿನ ವಿಶಾಲ ಗೋಮಾಳಗಳಿವೆ. ಮೀನುಗಳಿಗೆ ಅದು ತೊಟ್ಟಿಲು. ಅದರ ಬೇರುಕಾಂಡ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುತ್ತದೆ. ಮಧ್ಯಾಹ್ನದ ಊಟಕ್ಕೆಂದು ಎಳೆದ ಒಂದು ಲಂಗರು ಅಲ್ಲಿ ಮಾಡಿದ ಗಾಯ ಮಾಯಲು ದಶಕಗಳೇ ಬೇಕು. ನೌಕೆಯವರು ತಮ್ಮ ಟಾಕಿಯನ್ನು ನೋಡಬಲ್ಲರು, ಲಂಗರಿನ ಕೆಳಗಿರುವುದನ್ನು ನೋಡಲಾರರು.

ನಮ್ಮ ಜಿಲ್ಲೆಗೂ ದ್ವೀಪಗಳಿವೆ ಎಂಬುದನ್ನು ಘಟ್ಟದ ಮೇಲಿನ ನಾವು ಆಗಾಗ ಮರೆಯುತ್ತೇವೆ. ಕಾರವಾರದ ಬಳಿ ಕೂರ್ಮಗಡ ಮತ್ತು ದೇವಗಡ, ಹೊನ್ನಾವರದ ಬಳಿ ಬಸವರಾಜದುರ್ಗ, ಮುರ್ಡೇಶ್ವರದ ಆಚೆ ನೇತ್ರಾಣಿ. ವಾಸ್ಕೋ ಡ ಗಾಮ 1498ರಲ್ಲಿ ಮರುಪ್ರಯಾಣಕ್ಕೆ ಮುನ್ನ ಹಡಗುಗಳನ್ನು ದುರಸ್ತಿಗೊಳಿಸಿ ಸಿಹಿನೀರು ತುಂಬಿಕೊಂಡದ್ದು ಕಾರವಾರದ ಬಳಿಯೇ ಇದ್ದರೂ ಗೋವಾಕ್ಕೆ ಸೇರಿದ ಅಂಜುದೀವಿನಲ್ಲಿ. ಆಗಿನಿಂದಲೂ ದ್ವೀಪಕ್ಕೆ ಬಂದವನು ಮೊದಲು ಕೇಳುವುದು ನೀರನ್ನೇ. ನೇತ್ರಾಣಿಯ ಸುತ್ತ ಹವಳಗಳಿವೆ, ಬಿಳಿ ಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಮುಳುಗಿ ನೋಡುವ ಸಾಹಸಪ್ರಿಯರು ಮುರ್ಡೇಶ್ವರದಿಂದ ದೋಣಿಗಳಲ್ಲಿ ಹೋಗುತ್ತಾರೆ. ಪೊಸಿಡೋನಿಯಾಕ್ಕೆ ಹೇಳಿದ ಲಂಗರಿನ ಮಾತು ನೇತ್ರಾಣಿಯ ಹವಳಕ್ಕೂ ಸಲ್ಲುತ್ತದೆ.

ಕೂರ್ಮಗಡದ್ದು ಬೇರೆಯೇ ಬಗೆಯ ದ್ವೀಪಯಾನ. ಅಲ್ಲಿಯ ನರಸಿಂಹ ದೇವರ ಜಾತ್ರೆಗೆ ಪ್ರತಿವರ್ಷ ಪುಷ್ಯ ಮಾಸದಲ್ಲಿ ಕರಾವಳಿಯ ಜನ ದೋಣಿಗಳಲ್ಲಿ ಸಾಗುತ್ತಾರೆ. ಒಂದು ದಿನದ ಭಕ್ತಿ, ಬಳಿಕ ಮನೆಗೆ ಮರಳುವಿಕೆ. ಇದು ನಮ್ಮವರೇ ರೂಢಿಸಿಕೊಂಡ ಮಿತಿ. ಆದರೆ 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನೈದಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ದೋಣಿ ಹೊರಬಹುದಾದುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ವಿಜ್ಞಾನದ ಪುಸ್ತಕಗಳಲ್ಲಿ ನಾವು ಓದುವ ಧಾರಣಾ ಸಾಮರ್ಥ್ಯ ಎಂಬ ಪದದ ಅರ್ಥ ಆ ದಿನ ಕಾರವಾರದ ಕಡಲಿನಲ್ಲಿ ಅತ್ಯಂತ ಕ್ರೂರವಾಗಿ ತಿಳಿಯಿತು. ದೋಣಿ ಒಂದೇ ಕ್ಷಣದಲ್ಲಿ ಮಗುಚುತ್ತದೆ. ಊರು ಹಾಗಲ್ಲ, ವರ್ಷಗಳ ಕಾಲ ನಿಧಾನವಾಗಿ ವಾಲುತ್ತದೆ. ಆದ್ದರಿಂದಲೇ ನಮಗೆ ಗೊತ್ತಾಗುವುದಿಲ್ಲ.

ಬಂಧುಗಳೇ, ಈಗ ನಮ್ಮ ಅಂಗಳಕ್ಕೆ ಬರೋಣ. ಯಾಣ, ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಸಹಸ್ರಲಿಂಗಗಳಿಗೆ ವಾರಾಂತ್ಯದಲ್ಲಿ ಬರುವ ವಾಹನಗಳನ್ನು ನಾವೆಲ್ಲ ಕಾಣುತ್ತಿದ್ದೇವೆ. ತೋಟದ ಮನೆಗಳು ಹೋಂಸ್ಟೇಗಳಾಗುತ್ತಿವೆ. ಕೊಳೆರೋಗ, ಎಲೆಚುಕ್ಕಿ ರೋಗ, ದರದ ಏರಿಳಿತಗಳಿಂದ ಬಳಲಿದ ಕೃಷಿಕನಿಗೆ ಇದು ಆಸರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅತಿಥಿಗಳು ಬರಲಿ. ಆದರೆ ಎಷ್ಟು ಜನ ಎಂಬ ಪ್ರಶ್ನೆಗೆ ಉತ್ತರವನ್ನು ಕೋಣೆಗಳ ಸಂಖ್ಯೆ ಹೇಳಬಾರದು, ಒರತೆ ಹೇಳಬೇಕು.

ನನ್ನ ಅನುಭವವನ್ನೇ ನಿವೇದಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ಕೊನೆಯಲ್ಲಿ ನಮ್ಮ ಮನೆಯಲ್ಲಿ ಸಮಾರಂಭವೊಂದರ ನಿಮಿತ್ತ ಹನ್ನೆರಡು ಮಂದಿ ಒಂದು ವಾರ ತಂಗಿದ್ದರು. ಯಾರೂ ನೀರನ್ನು ಪೋಲು ಮಾಡಲಿಲ್ಲ, ಪಟ್ಟಣದಲ್ಲಿ ಬಳಸುವಂತೆ ಬಳಸಿದರು ಅಷ್ಟೇ. ಎಂಟನೆಯ ದಿನ ತೋಟದ ಮೇಲಿನ ಬಣ್ಣದ ಎಳೆಯ ಅಡಿಕೆ ಸಸಿಗಳು ಬಾಡಿ ನಿಂತಿದ್ದವು. ಡಾಕ್ಟರೇಟ್ ಪಡೆದ ಕೃಷಿ ವಿಜ್ಞಾನಿ ತನ್ನ ಮನೆಯ ಒರತೆಯನ್ನು ಅದುವರೆಗೆ ಅಳೆದಿರಲಿಲ್ಲ! ಅಂದಿನಿಂದ ಪ್ರತಿ ಬೇಸಿಗೆಯಲ್ಲಿ ಅಳೆಯುತ್ತಿದ್ದೇನೆ.

ಅಳೆಯುವ ವಿಧಾನ ಸರಳ. ಹತ್ತು ಲೀಟರಿನ ಬಕೆಟ್ ಮತ್ತು ಗಡಿಯಾರ ಸಾಕು. ಉದಾಹರಣೆಗೆ, ಮೇ ತಿಂಗಳಿನಲ್ಲಿ ಬಕೆಟ್ ತುಂಬಲು ಎರಡು ನಿಮಿಷ ಬೇಕೆಂದು ಭಾವಿಸೋಣ. ದಿನಕ್ಕೆ 7200 ಲೀಟರ್ ದೊರೆಯಿತು. ಹನಿ ನೀರಾವರಿಯಲ್ಲಿ ಬೇಸಿಗೆಯ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಸರಾಸರಿ 18 ಲೀಟರಿನಂತೆ 300 ಮರಗಳಿಗೆ 5400 ಲೀಟರ್. ಮನೆಯವರಿಗೂ ಕೊಟ್ಟಿಗೆಗೂ 800 ಲೀಟರ್ ಇರಲಿ. ಉಳಿಯುವುದು 1000 ಲೀಟರ್. ಅದರಲ್ಲಿ ಅರ್ಧವನ್ನಾದರೂ ಹಳ್ಳಕ್ಕೆ ಬಿಡಬೇಕು. ಉಳಿದ 500 ಲೀಟರನ್ನು ನಗರದ ಬಳಕೆಯ ಮಾನದಂಡವಾದ ತಲಾ 135 ಲೀಟರಿನಿಂದ ಭಾಗಿಸಿರಿ. ಮೂವರು ಅತಿಥಿಗಳಿಗೆ ಸಾಕು, ನಾಲ್ವರಿಗೆ ಸಾಲದು. ನಾಲ್ಕನೆಯವರನ್ನು ಕರೆದರೆ ಎರಡು ಮೂರು ಅಡಿಕೆ ಮರಗಳ ನೀರನ್ನೋ ಹಳ್ಳದ ಪಾಲನ್ನೋ ಅವರಿಗೆ ಕೊಡಬೇಕಾಗುತ್ತದೆ.

ಹಳ್ಳಕ್ಕೆ ಏಕೆ ಬಿಡಬೇಕೆಂದು ಕೇಳಬಹುದು. ಶಿರಸಿಯ ಪರಿಸರದಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕಿ ತದಡಿಯ ಬಳಿ ಕಡಲನ್ನು ಸೇರುತ್ತದೆ. 2024ರಲ್ಲಿ ಅದರ ಅಳಿವೆಗೆ ರಾಮ್ಸರ್ ತಾಣದ ಮನ್ನಣೆ ದೊರೆತಿದೆ. ಅಲ್ಲಿ ಬೆಳಚು ಆಯ್ದು ಬದುಕುವ ಕುಟುಂಬಗಳಿಗೆ ಸಿಹಿನೀರು, ಉಪ್ಪುನೀರುಗಳ ಹದವೇ ಜೀವನಾಧಾರ. ಯಲ್ಲಾಪುರದ ಮಾಗೋಡಿನಲ್ಲಿ ಧುಮುಕುವ ಬೇಡ್ತಿಯೂ ಗಂಗಾವಳಿಯಾಗಿ ಅದೇ ಕಡಲಿಗೆ ಹೋಗುತ್ತದೆ. ನಮ್ಮ ಹಳ್ಳದ ಕೊನೆಯ ಬಳಕೆದಾರ ಅಳಿವೆಯಲ್ಲಿ ಇದ್ದಾನೆ.

ಮಿತಿಯ ಲೆಕ್ಕ ನಮಗೆ ಹೊಸದಲ್ಲ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟ ಎಂಬ ವ್ಯವಸ್ಥೆ ಈ ಸೀಮೆಯದು. ಬೆಟ್ಟ ಕೊಡಬಲ್ಲಷ್ಟು ಸೊಪ್ಪಿಗೆ ತಕ್ಕಷ್ಟು ತೋಟ ಎಂಬುದು ಅದರ ತಿರುಳು. ಅತಿಥಿಗಳ ವಿಷಯದಲ್ಲಿಯೂ ಅದೇ ವಿವೇಕ ಬೇಕು.

ಇನ್ನೊಂದು ಎಚ್ಚರಿಕೆ. 2025ರ ಆರಂಭದಲ್ಲಿ ಸರಣಿ ಭೂಕಂಪಗಳಾದಾಗ ಸ್ಯಾಂಟೊರಿನಿಯಿಂದ ಸಾವಿರಾರು ಜನ ದ್ವೀಪ ತೊರೆದರು. 2020ರ ಮಹಾಮಾರಿಯ ಕಾಲದಲ್ಲಿಯೂ ಪ್ರವಾಸವೆಂಬ ಬೆಳೆ ಎಲ್ಲ ಕಡೆ ಒಣಗಿತ್ತು. ಏಕಬೆಳೆಯ ಅಪಾಯವನ್ನು ಅಡಿಕೆಯಿಂದ ಕಲಿತ ನಾವು ಅತಿಥಿಗಳನ್ನೂ ಏಕಬೆಳೆಯಾಗಿ ಮಾಡಿಕೊಳ್ಳಬಾರದು. ಸ್ಯಾಂಟೊರಿನಿಗೆ 400 ಮಿಲಿಮೀಟರ್ ಮಳೆಯೂ ಇಲ್ಲ, ನಮ್ಮ ತಾಲೂಕುಗಳ ಬಹುಭಾಗದಲ್ಲಿ 2000 ಮಿಲಿಮೀಟರ್ ಮೀರುತ್ತದೆ. ಆದರೆ ಅದು ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಮೇ ತಿಂಗಳಲ್ಲಿ ನಮ್ಮ ಪ್ರತಿಯೊಂದು ತೋಟವೂ ಒಂದು ದ್ವೀಪವೇ.

ಆದಕಾರಣ ನನ್ನದು ಎರಡು ವಿನಂತಿ. ವಿದ್ಯಾರ್ಥಿಗಳು ಏಪ್ರಿಲ್ ಕೊನೆಯ ವಾರದಲ್ಲಿ ತಮ್ಮ ತಮ್ಮ ಊರಿನ ಒರತೆ, ಬಾವಿಗಳನ್ನು ಅಳೆದು ಪುಸ್ತಕದಲ್ಲಿ ಬರೆದಿಡಲಿ. ಹೋಂಸ್ಟೇ ನಡೆಸುವ ಬಂಧುಗಳು ನೀರಿನ ಟಾಕಿಯನ್ನು ಮನೆಯ ಹಿಂದೆ ಅಡಗಿಸದೆ ಅತಿಥಿಗಳ ಕಣ್ಣಿಗೆ ಬೀಳುವಲ್ಲಿ ಇಡಲಿ, ಅದರ ಮಟ್ಟ ತೋರುವ ನಳಿಗೆಯೊಂದನ್ನು ಜೋಡಿಸಲಿ. ನಮ್ಮ ಬಂಧು ನೌಕೆಯಲ್ಲಿ ಯಾರ ಉಪದೇಶವೂ ಇಲ್ಲದೆ ಮಿತವಾಗಿ ಬದುಕಿದರು. ನೀರಿನ ಮಟ್ಟ ಕಂಡರೆ ನಮ್ಮ ಅತಿಥಿಗಳೂ ಹಾಗೆಯೇ ನಡೆದುಕೊಳ್ಳುತ್ತಾರೆಂಬ ನಂಬಿಕೆ ನನಗಿದೆ.