ನಾಯಿ ಬಂದರೆ ಸೈಕಲ್ ಬಿಡಬೇಕೆ?

(ಕಲಿಕಾ ಕೇಂದ್ರದ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)





ಈ ದಿನ ನಾವು ಎರಡು ವಿಷಯ ಮಾತಾಡೋಣ. ಒಂದು ಸೈಕಲ್ಲು. ಇನ್ನೊಂದು ನಾಯಿ. ಈ ಎರಡಕ್ಕೂ ಏನು ಸಂಬಂಧ ಅಂತ ಕೇಳ್ತೀರಾ? ಸೈಕಲ್ ಹೊಡೆಯುವವರಿಗೆ ಅದು ಚೆನ್ನಾಗಿ ಗೊತ್ತು. ಬೆಳಗಿನ ಜಾವ ಡೇರಿಗೆ ಹಾಲು ತಗೊಂಡು ಹೋಗುವಾಗ ನಾಯಿ ಅಟ್ಟಿಸಿಕೊಂಡು ಬರುತ್ತೆ. ಸಂಜೆ ಕೆಲಸ ಮುಗಿಸಿ ಬರುವಾಗಲೂ ಬರುತ್ತೆ. ಮಗಳು ಶಾಲೆಗೆ ಹೋಗುವ ದಾರಿಯಲ್ಲೂ ಬರುತ್ತೆ.

ಆಗ ಮನೆಯಲ್ಲಿ ಏನಂತಾರೆ? "ನಿನಗೆ ಸೈಕಲ್ ಯಾಕೆ? ಸುಮ್ಮನೆ ಮನೇಲಿರು" ಅಂತಾರೆ. ಒಂದು ನಾಯಿ ಬೊಗಳಿದ್ದಕ್ಕೆ ಒಬ್ಬ ಹೆಣ್ಣುಮಗಳ ಓಡಾಟ ನಿಂತುಹೋಗುತ್ತೆ. ಇದು ಸಣ್ಣ ಮಾತಲ್ಲ.

ಸೈಕಲ್ ನಮಗೆ ಯಾಕೆ ಬೇಕು?

ಒಂದು ನಿಜವಾದ ಕತೆ ಹೇಳ್ತೀವಿ. ನಮ್ಮ ಪಕ್ಕದ ತಮಿಳುನಾಡಿನಲ್ಲಿ ಪುದುಕ್ಕೋಟೈ ಅಂತ ಒಂದು ಜಿಲ್ಲೆ ಇದೆ. 1991-92ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಷೀಲಾ ರಾಣಿ ಚುಂಕತ್ ಎಂಬುವರು ಅಲ್ಲಿನ ಜಿಲ್ಲಾಧಿಕಾರಿ. ಅಕ್ಷರ ಕಲಿಯುವುದರ ಜೊತೆಗೆ ಹೆಂಗಸರು ಸೈಕಲ್ಲೂ ಕಲಿಯಲಿ ಅಂತ ಅವರು ಆಸೆಪಟ್ಟರು. ಸಾವಿರಾರು ಹೆಂಗಸರು ಕಲಿತರು. ಕೂಲಿ ಮಾಡುವವರು, ಕಲ್ಲು ಒಡೆಯುವವರು, ಅಂಗನವಾಡಿಯವರು, ಎಲ್ಲರೂ ಕಲಿತರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ನಕ್ಕವರು ನಕ್ಕರು. ಅವರು ಬಿಡಲಿಲ್ಲ.

ನಮ್ಮ ರಾಜ್ಯದಲ್ಲೂ 2006-07ರಿಂದ ಹಲವು ವರ್ಷ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಎಷ್ಟೋ ಹೆಣ್ಣುಮಕ್ಕಳು ಅದೇ ಸೈಕಲ್ಲಲ್ಲಿ ಪಕ್ಕದ ಊರಿನ ಹೈಸ್ಕೂಲಿಗೆ ಹೋಗಿ ಓದಿದರು. ಬಸ್ಸಿಗೆ ಕಾಯುವ ಹಾಗಿಲ್ಲ. ಯಾರನ್ನೂ ಬೇಡುವ ಹಾಗಿಲ್ಲ. ಅಂಥ ಸೈಕಲ್ಲನ್ನು ನಾಯಿಗೆ ಹೆದರಿ ಮೂಲೆಗೆ ಹಾಕೋದೇ? ಬೇಡ. ನಾಯಿಯ ಗುಣ ತಿಳಿಯೋಣ. ಜೋಪಾನವಾಗಿ ಓಡಾಡೋಣ.

ನಾಯಿ ಯಾಕೆ ಅಟ್ಟಿಸಿಕೊಂಡು ಬರುತ್ತೆ?

ನಾಯಿ ಹುಟ್ಟಿನಿಂದಲೇ ಬೇಟೆಯ ಪ್ರಾಣಿ. ಓಡುವುದನ್ನು ಕಂಡರೆ ಅದೂ ಓಡುತ್ತೆ. ಮೊಲ ಓಡಿದರೂ ಅಷ್ಟೆ, ಸೈಕಲ್ ಚಕ್ರ ತಿರುಗಿದರೂ ಅಷ್ಟೆ. ಪೆಡಲ್ ಮೇಲೆ ಆಡುವ ನಮ್ಮ ಕಾಲು ಅದರ ಕಣ್ಣಿಗೆ ಬೀಳುತ್ತೆ. ಗಾಳಿಗೆ ಹಾರುವ ಸೆರಗೂ ಬೀಳುತ್ತೆ.

ಎರಡನೇ ಕಾರಣ, ಜಾಗ. ನಾಯಿಗೆ "ಇದು ನನ್ನ ಬೀದಿ" ಅಂತ ಲೆಕ್ಕ ಇರುತ್ತೆ. ಹೊಸಬರು ಬಂದರೆ ಬೊಗಳುತ್ತೆ. ಆ ಬೀದಿ ದಾಟಿದ ಮೇಲೆ ಬಹಳ ಸಲ ತಾನೇ ಹಿಂದಕ್ಕೆ ಹೋಗುತ್ತೆ.

ಮೂರನೇ ಕಾರಣ, ಮರಿ. ಮರಿ ಹಾಕಿದ ನಾಯಿ ತನ್ನ ಮರಿಗಾಗಿ ಹೆದರುತ್ತೆ. ಹೆದರಿ ಕಚ್ಚುತ್ತೆ. ನಾವೂ ತಾಯಂದಿರು. ಅದರ ಸಂಕಟ ನಮಗೆ ತಿಳಿಯದ್ದಲ್ಲ. ಮರಿ ಇರುವ ಕಡೆ ಸ್ವಲ್ಪ ದಿನ ಬೇರೆ ದಾರಿ ಹಿಡಿಯೋದು ಒಳ್ಳೆಯದು.

ತಿನ್ನುವ ನಾಯಿ, ಮಲಗಿದ ನಾಯಿ, ಗಾಯವಾದ ನಾಯಿ, ಗುಂಪಿನಲ್ಲಿರುವ ನಾಯಿ, ಈ ನಾಲ್ಕರ ಹತ್ತಿರವೂ ಹೋಗಬಾರದು. ಮಾಂಸದ ಅಂಗಡಿ, ಹೋಟೆಲಿನ ಹಿತ್ತಲು, ಕಸದ ತಿಪ್ಪೆ, ಇಂಥ ಕಡೆ ನಾಯಿ ಹೆಚ್ಚು. ಅಲ್ಲಿ ಮೊದಲೇ ಹುಷಾರಾಗಿರಬೇಕು.

"ಬೊಗಳುವ ನಾಯಿ ಕಚ್ಚೋದಿಲ್ಲ" ಅಂತ ಗಾದೆ ಇದೆ. ಆದರೆ ಆ ಗಾದೆ ನಾಯಿಗೆ ಗೊತ್ತಿಲ್ಲ! ಬೊಗಳುವ ನಾಯಿಯೂ ಕಚ್ಚಬಹುದು. ಕೂದಲು ನಿಮಿರಿಸಿ, ಹಲ್ಲು ತೋರಿಸಿ, ಮೈ ಬಿಗಿ ಹಿಡಿದು ಗುರ್ ಅಂದರೆ ಅದು ಸಿಟ್ಟಾಗಿದೆ ಅಂತ ತಿಳಿಯಿರಿ.

ಹೊರಡುವ ಮೊದಲು

ಬ್ರೇಕ್ ನೋಡಿ. ಬೆಲ್ ನೋಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ವೇಲ್ ಇದ್ದರೆ ಗಂಟು ಹಾಕಿ. ಇದು ಚಕ್ರಕ್ಕೆ ಸಿಕ್ಕದ ಹಾಗೂ ಆಯಿತು, ನಾಯಿಯ ಬಾಯಿಗೆ ಸಿಕ್ಕದ ಹಾಗೂ ಆಯಿತು. ಮಗು ಹಿಂದೆ ಕೂತಿದ್ದರೆ "ನಾಯಿ ಬಂದರೆ ಕಿರುಚಬೇಡ, ಕಾಲು ಆಡಿಸಬೇಡ, ನನ್ನನ್ನು ಗಟ್ಟಿಯಾಗಿ ಹಿಡ್ಕೋ" ಅಂತ ಮೊದಲೇ ಹೇಳಿಕೊಡಿ. ಮೀನು, ಮಾಂಸ ತರುವಾಗ ಮುಚ್ಚಿದ ಡಬ್ಬಿಯಲ್ಲಿ ತನ್ನಿ. ಕತ್ತಲಲ್ಲಿ ಹೋಗಬೇಕಾದರೆ ಲೈಟ್ ಇರಲಿ. ಇಬ್ಬರು ಮೂವರು ಜೊತೆಯಾಗಿ ಹೋದರೆ ಧೈರ್ಯ ಜಾಸ್ತಿ.

ದಾರಿಯಲ್ಲಿ ನಾಯಿ ಕಂಡರೆ

ದೂರದಲ್ಲೇ ನಾಯಿ ಕಂಡಿತು ಅಂತಿಟ್ಟುಕೊಳ್ಳಿ. ಆಗಲೇ ಒಂದೆರಡು ಸಲ ಬೆಲ್ ಹೊಡೆಯಿರಿ. ಮಲಗಿದ್ದ ನಾಯಿ ಎದ್ದು ಪಕ್ಕಕ್ಕೆ ಹೋಗಲು ಸಮಯ ಸಿಗುತ್ತೆ. ಹತ್ತಿರ ಹೋದ ಮೇಲೆ ಒಮ್ಮೆಲೇ ಬೆಲ್ ಹೊಡೆದರೆ ಅದು ಬೆಚ್ಚಿಬೀಳುತ್ತೆ. ವೇಗ ಕಡಿಮೆ ಮಾಡಿ. ನಾಯಿಗೆ ದೂರವಾಗಿ, ಆದರೆ ಹಿಂದೆ ಮುಂದೆ ಗಾಡಿ ನೋಡಿಕೊಂಡು ಹೋಗಿ. ನಾಯಿಗೆ ಹೆದರಿ ಲಾರಿಯ ಕೆಳಗೆ ಬೀಳೋದು ಬೇಡ.

ಕೆರೆ ಏರಿ, ಪಾರ್ಕಿನ ಪಕ್ಕದ ದಾರಿ, ಇಂಥ ಕಡೆ ಕೆಲವರು ಸಾಕಿದ ನಾಯಿಯನ್ನು ಬಿಟ್ಟುಕೊಂಡು ನಡೀತಿರ್ತಾರೆ. ಅದು ಯಾವ ಕಡೆ ಜಿಗಿಯುತ್ತೋ ಹೇಳಲಾಗದು. ದೂರದಿಂದಲೇ "ಅಣ್ಣಾ, ನಾಯಿ ಹಿಡ್ಕೊಳ್ಳಿ" ಅಂತ ಕೂಗಿ ಹೇಳಿ. ಹಿಡಿದ ಮೇಲೆ, ನಾಯಿ ಇರುವ ಕಡೆಯಿಂದ ಬೇಡ, ಮನುಷ್ಯರು ಇರುವ ಕಡೆಯಿಂದ ದಾಟಿ. ನಾಯಿಗೆ ಹಗ್ಗ ಇದ್ದರೂ ನೋಡಿಕೊಳ್ಳಿ. ಉದ್ದ ಹಗ್ಗ ದಾರಿಗೆ ಅಡ್ಡ ಬಂದರೆ ಚಕ್ರಕ್ಕೆ ಸಿಕ್ಕಿ ಬೀಳ್ತೀವಿ.

ಈಗ ನಾಯಿ ಅಟ್ಟಿಸಿಕೊಂಡು ಬಂದೇ ಬಿಟ್ಟಿತು. ಏನು ಮಾಡೋದು?

ನಮ್ಮ ಕಾಲು ತಾನಾಗಿ ಜೋರಾಗಿ ಪೆಡಲ್ ತುಳಿಯುತ್ತೆ. ಅದೇ ತಪ್ಪು. ಸೈಕಲ್ಲಿಗಿಂತ ನಾಯಿಯ ಓಟ ಜೋರು. ನಾವು ಓಡಿದಷ್ಟೂ ಅದಕ್ಕೆ ಹುರುಪು. ಹೆದರಿ ಹಿಂದೆ ತಿರುಗಿ ನೋಡಿದರೆ ಬೀಳೋದು ಖಂಡಿತ. ಕಾಲಿನಿಂದ ಒದೆಯಲು ಹೋದರೂ ಬೀಳ್ತೀವಿ, ಕಾಲನ್ನು ಅದರ ಬಾಯಿಗೆ ನಾವೇ ಕೊಟ್ಟಂತಾಗುತ್ತೆ.

ಹಾಗಾಗಿ ಹೀಗೆ ಮಾಡಿ. ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿಯಿರಿ. ಮುಂದಿನ ಬ್ರೇಕನ್ನು ಮಾತ್ರ ಜೋರಾಗಿ ಹಿಡಿದರೆ ಸೈಕಲ್ ಮುಗ್ಗರಿಸುತ್ತೆ. ಸೈಕಲ್ ನಿಲ್ಲಿಸಿ. ನಾಯಿ ಇರುವ ಕಡೆಗೆ ಬೇಡ, ಇನ್ನೊಂದು ಕಡೆಗೆ ಇಳಿಯಿರಿ. ಈಗ ನಮಗೂ ನಾಯಿಗೂ ನಡುವೆ ಸೈಕಲ್ಲೇ ಬೇಲಿ. ನಾಯಿಯ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. ಕಿರುಚಬೇಡಿ. ಗಟ್ಟಿ ದನಿಯಲ್ಲಿ "ಹಚಾ! ಹೋಗು!" ಅನ್ನಿ. ಓಟ ನಿಂತರೆ ಅದರ ಆಟವೂ ಬಹಳ ಸಲ ನಿಲ್ಲುತ್ತೆ. ಆಮೇಲೆ ಸೈಕಲ್ ತಳ್ಳಿಕೊಂಡು ನಿಧಾನವಾಗಿ ನಡೆಯಿರಿ. ಬೆನ್ನು ತಿರುಗಿಸಿ ಓಡಬೇಡಿ. ನಾಯಿ ದೂರವಾದ ಮೇಲೆ ಹತ್ತಿ.

"ಕಲ್ಲು ಹೊಡೆಯಬಾರದಾ?" ಅಂತ ಕೇಳ್ತೀರಿ. ಕಲ್ಲು ಎತ್ತಿಕೊಳ್ಳುವ ಹಾಗೆ ಬಗ್ಗಿದರೆ ಎಷ್ಟೋ ನಾಯಿ ಹಿಂದಕ್ಕೆ ಸರಿಯುತ್ತೆ. ಆದರೆ ಏಟು ತಿಂದ ನಾಯಿ ನಾಳೆ ಇನ್ನೊಬ್ಬರ ಮೇಲೆ ಸಿಟ್ಟು ತೀರಿಸುತ್ತೆ. ಆ ಇನ್ನೊಬ್ಬರು ನಮ್ಮ ಮಗುವೇ ಆಗಿರಬಹುದು. ಅದಕ್ಕೇ ಹೊಡೆಯೋದು ಬೇಡ.

ನಾಯಿ ಕಚ್ಚಲು ಬಂದರೆ ಕೈಚೀಲ, ಬುತ್ತಿ ಚೀಲ, ಕೊಡೆ, ಏನಾದರೂ ಅದರ ಬಾಯಿಗೆ ಅಡ್ಡ ಹಿಡಿಯಿರಿ. ಕೆಳಗೆ ಬಿದ್ದುಬಿಟ್ಟರೆ ಮುದುಡಿ ಮಲಗಿ. ಮುಖ, ಕುತ್ತಿಗೆ, ಕಿವಿ ಮುಚ್ಚಿಕೊಳ್ಳಿ. ಬೆರಳು ಮಡಚಿ ಮುಷ್ಟಿ ಹಿಡಿಯಿರಿ. ಅಲುಗಾಡಬೇಡಿ.

ಕಚ್ಚಿದರೆ ಏನು ಮಾಡಬೇಕು?

ಅಕ್ಕಂದಿರೇ, ಈ ಮಾತನ್ನು ಮನಸ್ಸಿಟ್ಟು ಕೇಳಿ. ಇದು ಜೀವದ ಪ್ರಶ್ನೆ.

ಹುಚ್ಚುನಾಯಿ ರೋಗಕ್ಕೆ ರೇಬಿಸ್ ಅಂತಾರೆ. ರೋಗದ ವಿಷಾಣು ನಾಯಿಯ ಜೊಲ್ಲಿನಲ್ಲಿ ಇರುತ್ತೆ. ಗಾಯದ ಮೂಲಕ ನಮ್ಮ ಮೈ ಸೇರುತ್ತೆ. ನರದ ದಾರಿ ಹಿಡಿದು ಮಿದುಳಿಗೆ ಹೋಗುತ್ತೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ರೋಗ ಕಾಣಿಸಿಕೊಳ್ಳುತ್ತೆ. ಕೆಲವರಿಗೆ ಇನ್ನೂ ಬೇಗ, ಕೆಲವರಿಗೆ ತಡ. ರೋಗ ಕಾಣಿಸಿಕೊಂಡ ಮೇಲೆ ಉಳಿಯೋದು ತೀರಾ ಅಪರೂಪ. ಆದರೆ ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ಪಡೆದರೆ ರೋಗ ಬಾರದ ಹಾಗೆ ತಡೆಯಬಹುದು.

ಮೊದಲ ಕೆಲಸ, ತೊಳೆಯೋದು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ. ನಲ್ಲಿ ಇಲ್ಲವೇ? ಚೊಂಬಿನಿಂದ ನೀರು ಸುರಿಯುತ್ತಾ ತೊಳೆಯಿರಿ. ಬಟ್ಟೆ ಸೋಪಾದರೂ ಸರಿ.

ಗಾಯಕ್ಕೆ ಸುಣ್ಣ, ಖಾರದ ಪುಡಿ, ಅರಿಶಿನ, ಕಾಫಿಪುಡಿ, ಎಣ್ಣೆ ಏನೂ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ. ಮಂತ್ರ, ತಾಯಿತ ಅಂತ ಹೊತ್ತು ಕಳೆಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದು ಉಚಿತ.

"ಹಿಂದೆ ಹೊಟ್ಟೆಗೆ 14 ಸೂಜಿ ಹಾಕ್ತಿದ್ದರಂತೆ" ಅಂತ ಈಗಲೂ ಹೆದರುವವರಿದ್ದಾರೆ. ಆ ಹಳೇ ಔಷಧ ನಮ್ಮ ದೇಶದಲ್ಲಿ ನಿಂತು 20 ವರ್ಷ ಆಯಿತು. ಈಗ ತೋಳಿಗೆ ಹಾಕ್ತಾರೆ. ಚರ್ಮಕ್ಕೆ ಹಾಕುವ ಸೂಜಿಯಾದರೆ ಆಸ್ಪತ್ರೆಗೆ ನಾಲ್ಕು ಸಲ ಹೋಗಬೇಕು. ಮಾಂಸಖಂಡಕ್ಕೆ ಹಾಕುವ ಸೂಜಿಯಾದರೆ ಐದು ಸಲ. ರಕ್ತ ಬರುವ ಹಾಗೆ ಕಚ್ಚಿದ್ದರೆ ಗಾಯದ ಸುತ್ತ ಇನ್ನೊಂದು ಔಷಧವನ್ನೂ ಹಾಕ್ತಾರೆ. ಅದನ್ನು ಬೇಡ ಅನ್ನಬೇಡಿ. ಬಸುರಿಯರು, ಬಾಣಂತಿಯರು, ಹಾಲು ಕುಡಿಸುವ ತಾಯಂದಿರು ಕೂಡ ಈ ಸೂಜಿ ಹಾಕಿಸಿಕೊಳ್ಳಬಹುದು. ಇದಕ್ಕೆ ಪಥ್ಯವೂ ಇಲ್ಲ.

"ಬರೀ ಪರಚಿದೆ, ಕಚ್ಚಿಲ್ಲ" ಅಂತ ಸುಮ್ಮನಿರಬೇಡಿ. ಪರಚಿದರೂ ತೊಳೆದು ಆಸ್ಪತ್ರೆಗೆ ತೋರಿಸಿ. ಗಾಯವಿದ್ದ ಜಾಗ ನೆಕ್ಕಿದರೂ ತೋರಿಸಿ. ಮರಿ ಕಚ್ಚಿದರೂ ಅಷ್ಟೆ. ಎಷ್ಟೋ ಮಕ್ಕಳು ಬೈತಾರೆ ಅಂತ ಹೆದರಿ ಮನೆಯಲ್ಲಿ ಹೇಳೋದೇ ಇಲ್ಲ. "ನಾಯಿ ಮುಟ್ಟಿದರೂ ಬಂದು ಹೇಳು, ನಾನು ಬೈಯಲ್ಲ" ಅಂತ ಮಕ್ಕಳಿಗೆ ಇವತ್ತೇ ಹೇಳಿ.

ಚೀಟಿ ನಾವೇ ಓದೋಣ

ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಡ್ತಾರೆ. ಅದರಲ್ಲಿ ದಿನ ಬರೆದಿರುತ್ತೆ. 0, 3, 7, 28 ಅಂತ ಇರಬಹುದು. ಇಲ್ಲವೇ 0, 3, 7, 14, 28 ಅಂತ ಇರಬಹುದು. 0 ಅಂದರೆ ಮೊದಲ ಸೂಜಿ ಹಾಕಿದ ದಿನ. ಲೆಕ್ಕ ಮಾಡಿ ನೋಡೋಣ. ಜೂನ್ 5ರಂದು ಮೊದಲ ಸೂಜಿ. ಹಾಗಾದರೆ ಎರಡನೆಯದು ಜೂನ್ 8. ಮೂರನೆಯದು ಜೂನ್ 12. ಕೊನೆಯದು ಜುಲೈ 3.

ಗಾಯ ಒಣಗಿತು ಅಂತ ಬಹಳ ಜನ ಎರಡು ಸೂಜಿಗೇ ಬಿಡ್ತಾರೆ. ಕೂಲಿ ಹೋಗುತ್ತೆ, ಬಸ್ ಚಾರ್ಜ್ ಆಗುತ್ತೆ ಅಂತ ಬಿಡ್ತಾರೆ. ಹಾಗೆ ಬಿಡಬಾರದು. ಮೊದಲು ಚೀಟಿ ಹಿಡಿದು "ಇದರಲ್ಲಿ ಏನಿದೆ, ಸ್ವಲ್ಪ ಓದಪ್ಪಾ" ಅಂತ ಇನ್ನೊಬ್ಬರ ಬಾಗಿಲಿಗೆ ಹೋಗಬೇಕಿತ್ತು. ಈಗ ನಾವೇ ಓದ್ತೀವಿ. ಕ್ಯಾಲೆಂಡರಿನಲ್ಲಿ ಗುರುತು ಹಾಕ್ತೀವಿ. ಅಕ್ಷರ ಜೀವ ಉಳಿಸುತ್ತೆ ಅಂದರೆ ಇದೇ.

ಊರಿನವರು ಏನು ಮಾಡಬಹುದು?

ನಾಯಿ ಸಾಕಿದವರು ಅದನ್ನು ಹದ್ದಿನಲ್ಲಿಡಬೇಕು. ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಅಜಾಗ್ರತೆ ಮಾಡಿದರೆ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಹೀಗೆ ಹೇಳುತ್ತೆ. ನಾಯಿಮರಿಗೆ ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ ಹಾಕಿಸಬೇಕು. ಆಮೇಲೆ ಪಶುವೈದ್ಯರು ಹೇಳಿದ ಹಾಗೆ ಮತ್ತೆ ಮತ್ತೆ ಹಾಕಿಸಬೇಕು.

ಬೀದಿ ನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿಸೋದು, ಲಸಿಕೆ ಹಾಕಿಸೋದು ಪಂಚಾಯಿತಿ, ಪುರಸಭೆಗಳ ಕೆಲಸ. 2023ರ ಕೇಂದ್ರ ಸರ್ಕಾರದ ನಿಯಮ ಇದನ್ನೇ ಹೇಳುತ್ತೆ. ನಾಯಿಗೆ ವಿಷ ಹಾಕಿ ಕೊಲ್ಲೋದು ಕಾನೂನಿಗೆ ವಿರುದ್ಧ. ಯಾವ ಬೀದಿಯಲ್ಲಿ ತೊಂದರೆ, ಎಷ್ಟು ನಾಯಿ, ಯಾರಿಗೆ ಕಚ್ಚಿದೆ ಅಂತ ನಾವೇ ಅರ್ಜಿ ಬರೆಯೋಣ. ಎಲ್ಲರೂ ಸಹಿ ಮಾಡೋಣ. ಗ್ರಾಮಸಭೆಯಲ್ಲಿ ಓದೋಣ. ಹಾಗೇ ನಮ್ಮ ಮನೆಯ ಕಸವನ್ನು ದಾರಿಗೆ ಸುರಿಯೋದು ಬಿಡೋಣ. ಕಸ ಇದ್ದಲ್ಲಿ ನಾಯಿ ಸೇರುತ್ತೆ.

ನೆನಪಿಡೋಣ

ನಾಯಿ ಅಟ್ಟಿಸಿದರೆ ಜೋರಾಗಿ ತುಳಿಯಬೇಡಿ. ಇಳಿಯಿರಿ.
ಸೈಕಲ್ಲನ್ನು ನಡುವೆ ಇಟ್ಟುಕೊಳ್ಳಿ.
ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆಯಿರಿ.
ಅವತ್ತೇ ಆಸ್ಪತ್ರೆಗೆ ಹೋಗಿ.
ಎಲ್ಲಾ ಸೂಜಿ ಹಾಕಿಸಿಕೊಳ್ಳಿ.

ಈ ಐದು ಮಾತನ್ನು ಮನೆಯಲ್ಲಿ ಓದಿ ಹೇಳಿ. ಅತ್ತೆಗೆ ಹೇಳಿ, ಗಂಡನಿಗೆ ಹೇಳಿ, ಮಕ್ಕಳಿಗೆ ಹೇಳಿ. ಮಗಳನ್ನು ಸೈಕಲ್ಲಿನಿಂದ ಇಳಿಸಬೇಡಿ. ಹುಷಾರಾಗಿ ಹೋಗೋದನ್ನು ಕಲಿಸಿ ಕಳಿಸಿ.

 

ಮಾತಾಡಿ, ಬರೆಯಿರಿ

1. ನಿಮ್ಮ ಊರಿನ ಯಾವ ದಾರಿಯಲ್ಲಿ ನಾಯಿಯ ತೊಂದರೆ ಇದೆ?
2. ನಾಯಿ ಕಚ್ಚಿದರೆ ಮೊದಲು ಏನು ಮಾಡಬೇಕು?
3. ಆಗಸ್ಟ್ 10ರಂದು ಮೊದಲ ಸೂಜಿ ಹಾಕಿದರೆ, 3, 7, 28ನೇ ದಿನದ ಸೂಜಿ ಯಾವ ತಾರೀಕಿಗೆ?
4. ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ.